ಆಯುವ ಕೈ

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಇಪ್ಪತ್ತೆರಡು ವರ್ಷ ಎದುರುಬದುರು ಕೂತು
ಬೀಜ ಆಯ್ದವರು ನಾನೂ ದೇವೀರಮ್ಮನೂ:
ಕಪ್ಪು, ಒಡಕು, ಹುಳ ಕೊರೆದದ್ದು.

ಈಗ ಜುಲೇಖಾ ಅಂದರೆ
"ಯಾವೂರಾಯ್ತು?" ಅನ್ನುತ್ತಾಳೆ.
ಒಮ್ಮೆ ನಾನು ನಾದಿನಿ, ಒಮ್ಮೆ ಹಾಲಿನವಳು.
ಮೊನ್ನೆ ಯಾರೂ ಅಲ್ಲ.

ಡಾಕ್ಟರು ಸ್ಕ್ಯಾನು ಹಿಡಿದು ತೋರಿಸಿದರು:
ಕಿವಿಯ ನೇರಕ್ಕೆ, ಒಳಗೆ,
ಕಡಲಕುದುರೆಯಂಥದ್ದೊಂದು ಇರುತ್ತದಂತೆ;
ಹೊಸದೆಲ್ಲ ಮೊದಲು ಬರೆದುಕೊಳ್ಳುವುದು ಅದೇ.
ಅದು ಸೊರಗಿದೆ. ನರಗಳ ನಡುವೆ ಗಸಿ,
ನರಗಳೊಳಗೆ ಸಿಕ್ಕುಬಿದ್ದ ನೂಲು.
"ಹಳೇದು ನಿಧಾನಕ್ಕೆ ಹೋಗುತ್ತೆ.
ಕೈಗೆ ಕೂತ ಕೆಲಸ ಇನ್ನೂ ನಿಧಾನ."

ಕಡಲನ್ನೇ ಕಾಣದವಳ ತಲೆಯಲ್ಲಿ ಕಡಲಕುದುರೆ!
ನಗು ಬಂತು ನನಗೆ. ಮೆಟ್ಟಿಲಿಳಿಯುವಾಗ ಅಳು.

ತಿಂದು ಮುಗಿಸಿದ ಉಪ್ಪಿಟ್ಟಿನ ತಟ್ಟೆ
ಮಡಿಲಲ್ಲೇ ಇರುತ್ತದೆ, ಗೊಣಗುತ್ತಾಳೆ:
"ಈ ಮನೇಲಿ ಊಟಕ್ಕೆ ಕರೆಯೋರೇ ಇಲ್ಲ."

ಇವತ್ತು ಮೊರದ ತುಂಬ ಹೆಸರುಕಾಳು ಸುರಿದು ಮುಂದಿಟ್ಟೆ.
ಒಂದು ಹೆಸರೂ ಉಳಿಯದವಳ ಬೆರಳು
ತಟ್ಟನೆ ಎದ್ದು ಕೂತವು.
ಕಣ್ಣು ಕಿಟಕಿಯಾಚೆ ಎಲ್ಲೋ,
ಬೆರಳು ಮಾತ್ರ ಮೊರದಲ್ಲಿ,
ಎಡಕ್ಕೆ ಕಲ್ಲು, ಎಡಕ್ಕೆ ಕಲ್ಲು.

ನಾನೂ ಕೈ ಹಾಕಿದೆ.
ನನ್ನ ಕಣ್ಣು ಆಗಿನಿಂದಲೂ ಮಂದ;
ನಾನು ಬಿಟ್ಟ ಕಪ್ಪು ಬೀಜವನ್ನೆಲ್ಲ ತಾನೇ ಹೆಕ್ಕಿ
ನನ್ನ ಕೂಲಿ ಮುರಿಯದಂತೆ ಕಾದವಳು ಅವಳು.

ಒಂದು ಕಲ್ಲು ಬಿಟ್ಟೆ. ಬೇಕೆಂದೇ ಬಿಟ್ಟೆನೋ, ಗೊತ್ತಿಲ್ಲ.
ಅವಳ ಕೈ ಬಂತು, ಹೆಕ್ಕಿತು,
ನನ್ನ ಸೆರಗಿನ ತುದಿಗೆ ಗಂಟು ಹಾಕಿತು:
"ಮೇಸ್ತ್ರಿ ಬರ್ತಾವ್ನೆ, ಸುಮ್ನಿರು."

ಐ.ಜಿ. ರಸ್ತೆ ದಾಟುವಾಗ
ಗಂಟು ಮುಟ್ಟಿ ನೋಡಿಕೊಂಡೆ.