ಒಂದೇ ಗೆರೆ

ಮೂರು ಸಾವಿರ ಮೀಟರು,
ಹತ್ತು ನಿಮಿಷ ನಲವತ್ತೊಂದು ಸೆಕೆಂಡು.
ಮೈಸೂರಿನಲ್ಲಿ ಎಷ್ಟು, ಮಂಗಳೂರಿನ ಸೆಕೆಯಲ್ಲಿ ಎಷ್ಟು,
ಯಾವ ಸುತ್ತಿನಲ್ಲಿ ಯಾರ ಬೆನ್ನು ಮುಂದಿತ್ತು,
ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಕಾಲುನೋವೆಂದು ಹಾಸನದ ಆಸ್ಪತ್ರೆಗೆ ಹೋದರೆ
ಡಾಕ್ಟರು ಕೇಳಿದ್ದು ಬೇರೆ:
"ಕೊನೆಯ ಸಲ ಮುಟ್ಟಾದದ್ದು ಯಾವಾಗ?"
ದೀಪಾವಳಿಗೋ? ಅದಕ್ಕೂ ಮೊದಲೋ?
ಲೆಕ್ಕದಲ್ಲಿ ಆ ಸುತ್ತೇ ಇರಲಿಲ್ಲ.

ಅವ್ವ ಮಾತ್ರ ಎಣಿಸುತ್ತಿದ್ದಳು.
ದುದ್ದದ ಅಂಗನವಾಡಿಯಲ್ಲಿ ಮಕ್ಕಳನ್ನು ತಕ್ಕಡಿಗೆ ಹಾಕುವವಳು,
ಎಣಿಸದೆ ಹೇಗಿದ್ದಾಳು?
ಗೌರಿಹಬ್ಬ, ಆಯುಧಪೂಜೆ, ಸಂಕ್ರಾಂತಿ,
ರಜೆಗೆ ಬಂದಾಗೆಲ್ಲ ನಾನು ದೇವರ ಮುಂದೆ
ಸಲೀಸಾಗಿ ನಡೆದುಹೋಗುವುದನ್ನು
ಒಲೆಯ ಮುಂದಿನಿಂದ ನೋಡುತ್ತಿದ್ದಳು.
ಒಂದು ಸಲವೂ ಹೊರಗಾಗದ ಮಗಳು.

ಊರಲ್ಲಿ ಕೊಂಡರೆ ಊರಿಗೇ ಗೊತ್ತೆಂದು
ಹಾಸನದ ಬಸ್ ಸ್ಟ್ಯಾಂಡಿನೆದುರು, ಗುರುತಿಲ್ಲದ ಮೆಡಿಕಲ್ಲಿನಲ್ಲಿ
ಹಳೇ ಪೇಪರು ಸುತ್ತಿಸಿಕೊಂಡು ತಂದಳು.
"ಏನೂ ಕೇಳಲ್ಲ ಬಿಂದು. ಇದ್ನ ಮಾಡು, ಅಷ್ಟೆ."
ಬಚ್ಚಲ ಬಾಗಿಲಾಚೆ ಅವಳ ಉಸಿರು,
ಈಚೆ ನಾನು, ಅಂಗೈಯಲ್ಲಿ ಬಿಳಿ ಕಡ್ಡಿ.
ಒಂದೇ ಗೆರೆ.
ಅತ್ತಳು. ಸೆರಗಲ್ಲಿ ಮೂಗೊರಸಿ ಆಮೇಲೆ ರೇಗಿದಳು:
"ಹಂಗಾದ್ರೆ ಮತ್ಯಾಕೆ ನಿಂತದೆ?"
ಅವಳು ಕಲಿತ ಪಾಠದಲ್ಲಿ
ಆ ಪ್ರಶ್ನೆಗಿದ್ದದ್ದು ಒಂದೇ ಉತ್ತರ.

ನನಗೆ ಖುಷಿಯೇ ಆಗಿತ್ತೆಂದು ಹೇಗೆ ಹೇಳಲಿ?
ಓಟದ ದಿನ ಕಲೆಯ ಭಯವಿಲ್ಲ, ಹೊಟ್ಟೆ ಹಿಂಡುವುದಿಲ್ಲ.
"ಹಗುರಾದಷ್ಟೂ ಹಾರ್ತೀಯ" ಅಂದಿದ್ದರು ಕೋಚು.
ಹಾಸ್ಟೆಲಿನ ಊಟದ ಸಾಲಿನಲ್ಲಿ ಮುದ್ದೆ ಮುರಿದು
ಅರ್ಧ ಮೋಕ್ಷಿತಾಳ ತಟ್ಟೆಗೆ.
ನಲವತ್ತಾರು ಕೇಜಿ, ನಲವತ್ಮೂರು, ನಲವತ್ತು:
ಕತ್ತಿಗೆ ಹಾಕಿಕೊಳ್ಳಲಾಗದ ಪದಕಗಳು.
ನಾನು ನಿಲ್ಲಲಿಲ್ಲ. ತಿಂಗಳು ನಿಂತಿತು.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು ಡಾಕ್ಟರು.
ಮೊಣಕಾಲ ಕೆಳಗೆ ಕೂದಲೆಳೆಯಷ್ಟು ಬಿರುಕು.
ಇಲ್ಲೂ ಒಂದೇ ಗೆರೆ.
"ಮೈ ಅನ್ನೋದು ಬಡವರ ಮನೆ ಗೃಹಿಣಿ ಕಣಮ್ಮ.
ಡಬ್ಬದಲ್ಲಿ ಹಿಟ್ಟು ತಳ ಕಂಡರೆ
ಮೊದಲು ನೆಂಟರಿಗೆ ಹೇಳಿಕಳಿಸೋದು ಬಿಡ್ತಾಳೆ.
ಎದೆ, ಉಸಿರು ಮನೆಯವರು, ಅವರಿಗೆ ಬಡಿಸಲೇಬೇಕು.
ತಿಂಗಳಿಗೊಮ್ಮೆ ಬರೋ ಈ ನೆಂಟಳಿಗೆ
ಮಿದುಳು ಕಾಗದ ಬರೆಯೋದನ್ನೇ ನಿಲ್ಲಿಸ್ತದೆ.
ಅವಳು ಬರದಿದ್ದರೆ ಮೂಳೆಯೂ ಸೊರಗ್ತದೆ."

ಆಮೇಲೆ ಚೀಟಿ ಬರೆದರು: ಥೈರಾಯ್ಡ್, ಸ್ಕ್ಯಾನು, ಇನ್ನೆರಡು ರಕ್ತಪರೀಕ್ಷೆ.
"ಅವೂ ಕಾರಣ ಇರಬಹುದು, ಊಹೆಗೆ ಬಿಡೋದು ಬೇಡ.
ಆದರೆ ನನಗೇನೋ ಇದು ಹಸಿವು ಅನಿಸ್ತದೆ."

ಹಸಿವು.
ಬಾಗಿಲ ಬಳಿ ನಿಂತಿದ್ದ ಅವ್ವನ ಮುಖ
ಬಚ್ಚಲ ಬಾಗಿಲಲ್ಲೂ ಹಾಗಾಗಿರಲಿಲ್ಲ.
ಊರ ಮಕ್ಕಳಿಗೆಲ್ಲ ಮೊಟ್ಟೆ ಹಂಚಿದವಳು.
ತೂಕ ಇಳಿದ ಕೂಸಿನ ಮನೆಗೆ
ಸಂಜೆ ಟಾರ್ಚು ಹಿಡಿದು ಹೋಗುವವಳು.
ನನ್ನ ಹೊಟ್ಟೆಯಲ್ಲಿ ಯಾರೋ ಇದ್ದಾರೆಂದು ಹೆದರಿದ್ದಳು;
ಏನೂ ಇರಲಿಲ್ಲ. ಅದೇ ಕಾಯಿಲೆ.

ಬಸ್ಸಿಗೆ ಇನ್ನೂ ಹೊತ್ತಿತ್ತು.
ಕುಂಟುತ್ತಿದ್ದವಳನ್ನು ತೋಳು ಹಿಡಿದು
ಹಾಸನಾಂಬೆಯ ಗುಡಿಯವರೆಗೆ ನಡೆಸಿದಳು.
ಬಾಗಿಲು ಮುಚ್ಚಿತ್ತು. ವರ್ಷಕ್ಕೊಮ್ಮೆಯೇ ತೆರೆಯುವುದು.
ಮುಚ್ಚಿದ ಬಾಗಿಲಿಗೇ ಕೈಮುಗಿದು ಅಂದಳು:
"ಒಳಗೆ ದೀಪ ಉರೀತಾನೇ ಇರ್ತದಂತೆ."
ದೇವಿಗೆ ಹೇಳಿದಳೋ, ನನಗೋ.

ಈಗ ಗ್ಯಾಲರಿಯಲ್ಲಿ ಕೂತಿರುತ್ತೇನೆ.
ಮೋಕ್ಷಿತಾ ಓಡುತ್ತಾಳೆ, ನಾನು ಸುತ್ತು ಎಣಿಸುತ್ತೇನೆ.
ಕೋಚು ಈಚೆ ನೋಡುವುದಿಲ್ಲ.
ಗೆರೆ ಮುಟ್ಟುವುದೊಂದೇ ಗೊತ್ತಿತ್ತು ನನಗೆ;
ಮುಟ್ಟೂ ಮೈಯ ಓಟವೆಂದು
ಯಾರೂ ಸೀಟಿ ಊದಿ ಹೇಳಿರಲಿಲ್ಲ.
ಡಾಕ್ಟರನ್ನು ಕಂಡು ಇವತ್ತಿಗೆ ಐವತ್ಮೂರು ದಿನ.
ಬಂದಿಲ್ಲ ಇನ್ನೂ.

ಅವ್ವನ ಫೋನು ರಾತ್ರಿ ಎಂಟಕ್ಕೆ.
"ಆದ್ಯಾ?" ಅನ್ನುವುದಿಲ್ಲ.
"ಎಷ್ಟು ಮುದ್ದೆ?"
ಒಮ್ಮೊಮ್ಮೆ ಸುಳ್ಳು ಹೇಳುತ್ತೇನೆ, ಎರಡು ಎಂದು.
ಫೋನಿಟ್ಟು, ತೊಳೆದ ತಟ್ಟೆಯನ್ನೇ ಹಿಡಿದು
ಮತ್ತೆ ಸಾಲಿನ ಕೊನೆಗೆ ಹೋಗಿ
ನಿಲ್ಲುತ್ತೇನೆ.