ಐದನೇ ತಾರೀಖು

ಶಹಾಬಾದದಾಗ ಗ್ವಾಡಿ ಅಂದ್ರ ಫರಸಿ, ಮಾಳಗಿ ಅಂದ್ರ ಫರಸಿ,
ಮಲಗಿದ್ರ ಬೆನ್ನಿಗಿ ಫರಸಿ.
ಹಗಲೆಲ್ಲ ಕುಡದ ಬಿಸಲ
ರಾತ್ರಿ ನಮ್ಮ ಮ್ಯಾಲ ಉಗುಳ್ತದ.

ಆ ಗ್ವಾಡಿಯಾಗ ಹೆಬ್ಬಟ್ಟು ಹಿಡಿಸೂವಷ್ಟು ಒಂದು ತೂತು.
ಅದರಾಗಿಂದ ಹಾದು ಬರ್ತಿತ್ತು
ಬಾಜೂಕಿನ ಮಾಲನಬಿ ಮನಿ ಕರೆಂಟು:
ಒಂದು ಕರಿ ವಾಯರು, ಒಂದು ಕೆಂಪು,
ಕೆಂಪಿನ ನಡುವ ಟೇಪು ಸುತ್ತಿದ ಗಾಯ.
ನಮ್ಮ ಮಾಲಕ ಸೊಲ್ಲಾಪುರದಾಗ,
ಮೀಟರ್ ಅಂದ ಕೂಡ್ಲೇ ಫೋನ್ ಇಡಾಂವ.

ಎರಡು ಬಲ್ಬು, ಒಂದು ಫ್ಯಾನು,
ನನ್ನ ಪಿಕೋ ಮಿಷಿನಿನ ಮೋಟಾರು.
ಯೂನಿಟ್ಟಿಗಿ ಹತ್ತು ರೂಪಾಯಿ.
ಐದನೇ ತಾರೀಖಿಗಿ ಆಕಿ ಬರಾಕಿ,
ಚಸ್ಮಾ ಹಣೀಗಿ ಏರಿಸಿ, ಆ ಸಣ್ಣ ಮೀಟರಿನ ಮುಂದ
ಕೂಸಿನ ಜ್ವರ ನೋಡಿದಂಗ ನಿಂತು
"ನಲವತ್ತೊಂದು ಬೇಟಿ" ಅನ್ನಾಕಿ.
ಚಾ ಕುಡದು, ಬಸಿ ತೊಳದಿಟ್ಟು ಹೋಗಾಕಿ.

ಮೂರು ವರ್ಷ ಕೊಟ್ಟೀನಿ, ಒಂದು ತಿಂಗಳೂ ತಪ್ಪಿಲ್ಲ.
ಒಂದು ದಿನ ಗಾಳಿಗಿ ಹಾರಿ ಬಂದು
ನಮ್ಮ ನಳದ ಬುಡಕ ಅಂಟಿತ್ತು ಆಕಿ ಬಿಲ್ಲು.
ಕಡೀ ಸಾಲು: ಕಟ್ಟಬೇಕಾದ ಹಣ, ಸೊನ್ನಿ.
ನೀರಿಗಿ ಮಸಿ ಹರದದ ಅಂತ
ಸೆರಗಿಲೆ ಒರಸಿ ಇನ್ನೊಮ್ಮೆ ಓದಿದೆ.
ಸೊನ್ನಿ ಸೊನ್ನೀನೇ.
ಸರಕಾರ ಪುಗಸಟ್ಟೆ ಕೊಟ್ಟದ್ದು
ಆ ತೂತು ಹಾಯೂದರಾಗ
ಹತ್ತು ರೂಪಾಯಿ ಆಗ್ತಿತ್ತು.

ಜಗಳ ಆಡಲಿಲ್ಲ.
ನಾ ಕೇಳಿದ್ದು ಒಂದೇ ಮಾತು, ಆಕಿ ಅಂದದ್ದೂ ಒಂದೇ:
"ಕರೆಂಟು ಸರಕಾರದ್ದು ಇರಲವ್ವಾ, ತೂತು ನಂದು."

ಸೊಲ್ಲಾಪುರದ ಗಾಡಿ ಹತ್ತಿದೆ.
ಮಾಲಕನ ಹೆಂಡತಿಯ ಎಂಟು ಸೀರಿಗಿ
ಅಲ್ಲೇ ಕೂತು ಫಾಲ್ ಹಚ್ಚಿಕೊಟ್ಟು ಅವನ ಸಹಿ ತಂದೆ.
ಡಿಪಾಜಿಟ್ಟಿಗಿ ಚೀಟಿ ಎತ್ತಿದೆ, ಕಳಕೊಂಡೇ ಎತ್ತಿದೆ.
ನಾಕು ಸಲ ಜೆಸ್ಕಾಂ ಆಫೀಸು:
ಒಮ್ಮೆ ಸಾಹೇಬ್ರು ಇಲ್ಲ, ಒಮ್ಮೆ ಸರ್ವರ್ ಇಲ್ಲ,
ಒಮ್ಮೆ ಎಲ್ಲಾರೂ ಇದ್ದು ನನ್ನ ಅರ್ಜಿ ಇಲ್ಲ.

ಲೈನ್‌ಮನ್ ಭೀಮಶಾ ಕಂಬ ಏರಿದ ದಿನ
ಮಾಲನಬಿ ತನ್ನ ಕಟ್ಟಿ ಮ್ಯಾಲ
ಪುಂಡಿಪಲ್ಯ ಸೋಸ್ಕೋತ ಕೂತಿದ್ದಳು. ಮಾರಿ ಎತ್ತಲಿಲ್ಲ.
ಅಂವ ಇಕ್ಕಳದಿಂದ ಹಳೀ ವಾಯರು ಚಟ್ ಅನಿಸಿದಾಗ
ಒಂದು ಎಲಿ ಕೈಯಾಗೇ ನಿಂತಿತ್ತು, ಅಷ್ಟೇ.
ಸಂಜೀಕ ನಾ ತೂತಿಗಿ ಚಿಂದಿ ತುರುಕಿದೆ,
ಯಾರದೋ ಬ್ಲೌಸಿನ ಹಸರು ಚಿಂದಿ.

ತಿಂಗಳಿಗಿ ನಾಕನೂರು ಉಳೀತದ. ಖರೇ.
ಎಣಿಸಿ ಡಬ್ಬಿಯಾಗ ಇಡ್ತೀನಿ, ಮಗಳ ಸಾಲಿಗಿ.
ಐದನೇ ತಾರೀಖಿಗಿ ಮಾತ್ರ
ಚಾಕ್ಕ ಒಂದು ಬಟ್ಟಲ ನೀರು
ಜಾಸ್ತಿ ಇಟ್ಟುಬಿಡ್ತದ ಈ ಕೈ.

ಮೇ ತಿಂಗಳ ಒಂದು ರಾತ್ರಿ ನಮ್ಮ ಕಂಬದ ಫೇಸ್ ಹೋತು.
ಆಕಿ ಕಂಬ ಬ್ಯಾರೆ. ಆಕಿ ಕೂಲರ್ ಗೊರಗೊರ ನಡದಿತ್ತು.
ಫರಸಿ ಉಗುಳ್ಲತ್ತಿತ್ತು.
ಚಂದ್ರಶಾ ಅಂಗಿ ಬಿಚ್ಚಿ ಹೊಸ್ತಲದಾಗ,
ಮಗಳು ಒದ್ದಿ ಟಾವೆಲ್ ಹೊದ್ದು ನೆಲದಾಗ,
ನಾ ರಟ್ಟಿನ ತುಂಡು ಬೀಸ್ಕೋತ
ನನ್ನ ಮೀಟರಿನ ಕೆಂಪು ದೀಪ ಹತ್ತೂದು ಕಾಯ್ಲತ್ತಿದ್ದೆ.

ಗ್ವಾಡಿಗಿ ಟಕ್ ಟಕ್. ಸೌಟಿನ ಸಪ್ಪಳ.
"ಆ ಚಿಂದಿ ತೆಗಿ. ಹವಾ ಬರ್ತದ."

ತೆಗದೆ.
ಹೆಬ್ಬಟ್ಟಿನಷ್ಟೇ ತಂಪು,
ತೊಯ್ದ ಹುಲ್ಲಿನ ವಾಸನಿ.
ಪಾಳಿ ಹಚ್ಚಿ ಗಲ್ಲ ಇಟ್ವಿ, ಮೊದಲ ಮಗಳು,
ಆಮ್ಯಾಲ ಅಂವ, ನಾಚಿಕೋತ.
ನನ್ನ ಪಾಳಿಗಿ ಹವಾದ ಸಂಗಾಟ ದನಿಯೂ ಬಂತು:
"ಇದರ ಹಿಸಾಬ ಐದನೇ ತಾರೀಖಿಗಿ, ಬೇಟಿ."

ನಕ್ಕಳೋ ಇಲ್ಲೋ,
ಕತ್ತಲಾಗ, ಗ್ವಾಡಿ ಆಚಿಗಿ,
ತಿಳೀಲಿಲ್ಲ.