ವಾಯಿದೆ

ದುರ್ಗದ ಸಂತೆಪೇಟೆ, ಟೈಲರ್ ಅಂಗಡಿಯ ಮೇಲಿನ ಹಾಲು:
ಎರಡು ಬಾಡಿಗೆ ಮೇಜು, ಹಸಿರು ಬಳಿದ ಥರ್ಮಾಕೋಲು ಗುಡ್ಡ,
ಹೆಬ್ಬೆರಳೆತ್ತರದ ಸೈನ್ಯ.
ತೀರ್ಪುಗಾರ ನಾನು. ಕೋರ್ಟಿನಲ್ಲಿದ್ದೆ
ಮೂವತ್ತೊಂದು ವರ್ಷ, ದಲಾಯತ,
ಬಾಗಿಲಲ್ಲಿ ನಿಂತು ಹೆಸರು ಕೂಗುವವನು.
ಈ ಹುಡುಗರಿಗೆ ಕೋರ್ಟು ಅಂದರೆ ಕೋರ್ಟು.

ಪಾಲಾಕ್ಷ ಐದು ಅಂಕ ಮುಂದಿದ್ದಾನೆ.
ಇನ್ನವನು ಗೆಲ್ಲಬೇಕಿಲ್ಲ, ಗಡಿಯಾರ ಗೆದ್ದರೆ ಸಾಕು.
ಅಳತೆ ಟೇಪು ಬಿಚ್ಚುತ್ತಾನೆ, ಸುತ್ತುತ್ತಾನೆ, ಮತ್ತೆ ಬಿಚ್ಚುತ್ತಾನೆ.
ಆರು ಇಂಚೋ ಐದೂಮುಕ್ಕಾಲೋ,
ಬಗ್ಗಿ, ಒಂದು ಕಣ್ಣು ಮುಚ್ಚಿ,
ಹಗಲಲ್ಲಿ ಅರುಂಧತಿ ಹುಡುಕುವ ಮದುಮಗನ ಹಾಗೆ.
ದಾಳ ಮೇಜಿನ ಕೆಳಗೆ ಉರುಳುತ್ತದೆ.
ಬಿದ್ದದ್ದು ಲೆಕ್ಕಕ್ಕಿಲ್ಲ ಅಲ್ವಾ ಸಾರ್?
ನಿಯಮದ ಪುಸ್ತಕ ಯಾರ ಹತ್ರ ಇದೆ?
ಒಂದು ಲೋಟ ನೀರು ಸಿಗಬಹುದಾ?

ಎದುರಿಗೆ ತಸ್ಲೀಮಾ. ಹಿರಿಯೂರಿನವಳು.
ಆರೂಕಾಲಕ್ಕೆ ಬಸ್ಸು. ಉಗುರಿನಲ್ಲಿನ್ನೂ ನೀಲಿ,
ರಾತ್ರಿ ಕೂತು ಸೈನಿಕರಿಗೆ ಬಳಿದದ್ದು.
ಅವಳ ಕುದುರೆಗಳು ಮೂರನೇ ಸುತ್ತಿನಲ್ಲೇ ನಿಂತಿವೆ
ಒಂದು ಕಾಲೆತ್ತಿಕೊಂಡು.
ಆ ಕಾಲು ಇವತ್ತು ನೆಲಕ್ಕೆ ಇಳಿಯುವುದಿಲ್ಲ.

ಕೇಳಿದರೆ ಕಿಟಕಿ ತೋರಿಸುತ್ತಾನೆ ಪಾಲಾಕ್ಷ:
ಆ ಕೋಟೆ ನೋಡಿ ಸಾರ್.
ಬಾಗಿಲಿಗೊಂದು ತಿರುವು, ತಿರುವಿಗೊಂದು ಗೋಡೆ.
ತಡ ಮಾಡೋದೇ ಅದರ ವಿದ್ಯೆ.
ಅದು ತಪ್ಪಾದರೆ ದುರ್ಗಕ್ಕೆ ದುರ್ಗವೇ ತಪ್ಪು.

ಮಾತು ಚೆನ್ನಾಗಿತ್ತು.
ವಕೀಲರ ಮಾತು ಯಾವತ್ತು ಚೆನ್ನಾಗಿರಲಿಲ್ಲ?
ಆದರೆ ಕೋಟೆಯ ಕಲ್ಲನ್ನು ಹೊತ್ತ ಹೆಗಲುಗಳಿದ್ದವು,
ಮುತ್ತಿಗೆಯ ಹಸಿವು ಒಳಗೂ ಇತ್ತು ಹೊರಗೂ ಇತ್ತು.
ನೀನು ಕಟ್ಟುತ್ತಿರುವುದು
ಅವಳ ಸಂಜೆಯನ್ನೇ ಇಟ್ಟಿಗೆ ಮಾಡಿ.

ಈ ಗೋಡೆ ನನಗೆ ಗೊತ್ತು.
ಸೂರಮ್ಮ ಕೋಂ ಬೊಮ್ಮಣ್ಣಾ, ಎಂದು
ಹದಿನಾಲ್ಕು ವರ್ಷ ಕೂಗಿದ್ದೇನೆ, ಸಲಕ್ಕೆ ಮೂರು ಬಾರಿ.
ಮೂವತ್ತು ಅಡಿ ಜಾಗದ ತಕರಾರು.
ಎದುರುದಾರರಿಗೆ ಜ್ವರ. ಅವರ ವಕೀಲರ ಮನೆಯಲ್ಲಿ ಮದುವೆ.
ನಕಲು ಸಿಕ್ಕಿಲ್ಲ. ಸಿಕ್ಕಿತು, ಓದಲು ಬರುತ್ತಿಲ್ಲ.
ಬುತ್ತಿ ಬಿಚ್ಚದೆ ವಾಪಸು ಹೋಗುತ್ತಿದ್ದಳು,
ಬರ್ತೀನಪ್ಪಾ ಅನ್ನುತ್ತ, ನನಗೆ, ಬಾಗಿಲಿಗೆ.
ಕೊನೆಯ ದಿನ ಕೂಗಿದಾಗ
ಎದ್ದು ನಿಂತವನು ಅವಳ ಮೊಮ್ಮಗ.

ಅದಕ್ಕೇ ನಿಷೇಧ ಅಂದೆ. ಬರೆದೂಬಿಟ್ಟೆ:
ಬೇಕೆಂದೇ ತಡ ಮಾಡಿದವರು ಸೋತಂತೆ.
ಬೇಕೆಂದೇ.
ಆ ಪದದ ಮೇಲೆ ಪೆನ್ನು ನಿಂತಿತು.
ಪಕ್ಕದ ಮೇಜಿನಲ್ಲಿ ಓಬಳಪ್ಪ ಮೇಷ್ಟ್ರು,
ಕೈ ನಡುಕ. ಒಬ್ಬ ಬಿಲ್ಲುಗಾರನನ್ನು ಎತ್ತಿ ಇಡುವಷ್ಟರಲ್ಲಿ
ನಾಲ್ವರು ಉರುಳುತ್ತಾರೆ.
ಒಬ್ಬೊಬ್ಬರನ್ನೇ ಎಬ್ಬಿಸುತ್ತಾರೆ ಮೇಷ್ಟ್ರು,
ತಪ್ಪಾಯ್ತಪ್ಪ, ತಪ್ಪಾಯ್ತಪ್ಪ, ಎಂದು ಅವರಿಗೇ ಹೇಳಿ.
ಗಡಿಯಾರಕ್ಕೆ ಇವರಿಬ್ಬರೂ ಒಂದೇ, ಅದಕ್ಕೆ ಕಣ್ಣಿಲ್ಲ.
ಕಣ್ಣಿರುವವನು ನಾನು,
ನನಗೋ ಪೊರೆ.

ಮುಂದಿನ ಭಾನುವಾರ ಕೂತು ತೀರ್ಮಾನ ಮಾಡೋಣ
ಅಂದ ಪಾಲಾಕ್ಷ.
ಎಲ್ಲರೂ ನಕ್ಕರು, ಅವನೂ.
ನನಗೆ ನಗು ಬರಲಿಲ್ಲ. ಹೊಡೆದು ಹಾಕಿ ಮತ್ತೆ ಬರೆದೆ:
ಇಬ್ಬರಿಗೂ ಬೇರೆ ಬೇರೆ ಗಡಿಯಾರ.
ತನ್ನ ಹೊತ್ತನ್ನು ಯಾರು ಬೇಕಾದರೂ ಸುಟ್ಟುಕೊಳ್ಳಲಿ,
ಎದುರಿನವರದ್ದನ್ನು ಮುಟ್ಟುವಂತಿಲ್ಲ.
ಕೈ ಆಗದವರ ಆಳುಗಳನ್ನು, ಅವರು ತೋರಿಸಿದ ಕಡೆಗೆ,
ಎದುರಾಳಿಯೇ ಸರಿಸಿಕೊಡತಕ್ಕದ್ದು.

ಕೊನೆಯ ಸಾಲು ನನ್ನದಲ್ಲ.
ಸೈನಿಕರನ್ನು ಹತ್ತಿಯಲ್ಲಿ ಸುತ್ತಿಡುತ್ತ ತಸ್ಲೀಮಾ ಹೇಳಿದ್ದು,
ತಲೆ ಎತ್ತದೆ.
'ತಕ್ಕದ್ದು' ಮಾತ್ರ ನಾನು ಸೇರಿಸಿದೆ.

ಇವತ್ತಿನ ಆಟ ಪಾಲಾಕ್ಷನಿಗೇ ಹೋಯಿತು.
ಹೊಸ ನಿಯಮ ಹಳೆಯ ಆಟವನ್ನು ಹಿಡಿಯುವಂತಿಲ್ಲ,
ಅಷ್ಟು ಕೋರ್ಟು ನನಗೂ ಬರುತ್ತದೆ.
ಅವಳು ಕೈಕುಲುಕಿ, ಡಬ್ಬ ಎದೆಗವಚಿ, ಮೆಟ್ಟಿಲಿಳಿದು ಓಡಿದಳು.

ಮೇಜಿನ ಮೇಲೆ ಒಂದು ಕುದುರೆ ಉಳಿದಿತ್ತು,
ಕಾಲೆತ್ತಿಕೊಂಡೇ.
ಅದನ್ನು ಹಿಡಿದು ಬಾಗಿಲಿಗೆ ಬಂದು
ಹಳೆಯ ಗಂಟಲಲ್ಲಿ ಕೂಗಿದೆ ಅವಳ ಹೆಸರು.
ಬೀದಿಯೆಲ್ಲ ನಿಂತು ನೋಡಿತು.
ಎರಡನೆಯ ಕೂಗಿಗೇ ತಿರುಗಿದಳು.